ಮಣಿಕೊಂಡದ ಕುಂಟೆಯ ಪಾಚಿ

ಬೆಳಿಗ್ಗೆ ನಾಚಾರಂನ ಪಾಚಿ ಬೆಳೆಸುವ ಘಟಕಕ್ಕೆ ಬಂದ ಸುಭದ್ರಾ ತನ್ನ ತೊಟ್ಟಿಯ ಮುಂದೆ ನಿಂತುಬಿಟ್ಟಳು. ನಿನ್ನೆ ಗಿಣಿಹಸಿರಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಕಾಣದ ಹುಳುಗಳು ಪಾಚಿಯನ್ನೆಲ್ಲ ಮೇದಿದ್ದವು. ಕೋಣೆಯೊಳಗೆ ಬೀಜಕ್ಕೆಂದು ತೆಗೆದಿಟ್ಟ ಬಾಟಲಿಗಳಿಗೂ ಅದೇ ಗತಿ.

ಡೀಸೆಲ್‌ಗೆ ಬೇಕಾದ ಎಣ್ಣೆಯನ್ನು ಮೈತುಂಬ ಕೂಡಿಸಿಕೊಳ್ಳುವ ಇಲ್ಲಿಯದೇ ತಳಿ ಅದು. ಮಣಿಕೊಂಡದ ಕುಂಟೆ ಎಂಬ ಪುಟ್ಟ ಕೆರೆಯಿಂದ ಅವಳು ಆ ಪಾಚಿಯ ನೀರು ತುಂಬಿಕೊಂಡಾಗ ಬಾಟಲಿ ಹಿಡಿದು ನಿಂತವರು ಅಪ್ಪ ಗುರುಸಿದ್ದಪ್ಪ. ಈಗ ಅಪ್ಪ ಇಲ್ಲ. ಕುಂಟೆಯೂ ಇಲ್ಲ, ಅದನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ.

ಪಕ್ಕದ ತೊಟ್ಟಿಗಳಲ್ಲಿ ಪ್ರೋಟೀನ್ ಪುಡಿಗಾಗಿ ಬೇರೊಂದು ಪಾಚಿ ಬೆಳೆಸುವ ಅಂಬಾದಾಸ ಓಡಿ ಬಂದ.

"ನಿಮ್ಮ ಪೈಪ್ ನನ್ನ ತೊಟ್ಟಿಗೆ ಬಿಟ್ಟಿದ್ರೇನ್ರಿ? ಅದರಾಗಿಂದ ಹುಳ ಬಂದಾವೇನು?" ಎಂದಳು ಸುಭದ್ರಾ.

"ಇಲ್ರಿ."

"ಮತ್ತ ನಿಮ್ಮದಷ್ಟ ಹೆಂಗ ಹಸಿರೈತಿ?"

"ನಮ್ಮದು ಸುರುಳಿ ಪಾಚಿರಿ. ಆ ಹುಳದ ಬಾಯಾಗ ಹಿಡಿಯಂಗಿಲ್ಲ."

ಅವಳಿಗೂ ಗೊತ್ತಿದ್ದ ಮಾತೇ, ಸಂಕಟದಲ್ಲಿ ಮರೆತಿತ್ತು. ಅಂಬಾದಾಸ ಅವಳ ಕಣ್ಣುಗಳನ್ನು ಒಂದು ಗಳಿಗೆ ನೋಡಿ ಒಳಗೆ ಹೋದ. ಮರಳಿದಾಗ ಕೈಯಲ್ಲಿ ಟೆಸ್ಟ್ ಟ್ಯೂಬ್. ಅದರೊಳಗಿನ ಜೆಲ್ಲಿಯ ಮೇಲೆ ತೆಳ್ಳನೆಯ ಹಸಿರು ಗೆರೆ.

"ನಿಮ್ಮದ ಐತ್ರಿ ಇದು. ಅಪ್ಪಾರು ದವಾಖಾನ್ಯಾಗಿದ್ದಾಗ ನೀವು ಬರ್ತಿರಲಿಲ್ಲ. ಸಾಯಬಾರದಂತ ಒಂದೀಟು ತಗದಿಟ್ಟಿದ್ದೆ. ಆಗಾಗ ಹೊಸ ಟ್ಯೂಬಿಗೆ ಹಾಕ್ಕೋತ ಬಂದೀನಿ."

ಸುಭದ್ರಾ ಅದನ್ನು ತೆಗೆದುಕೊಂಡು ಹೋಗಿ, ಆ ಹಸಿರನ್ನು ಚೂರು ನೀರಿನಲ್ಲಿ ಕದಡಿ, ಒಂದು ಹನಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ದುಂಡಗಿನ ಹಸಿರು ಕಣಗಳು. ಜೀವಂತ. ಅಪ್ಪ ಹೋದಾಗಲೂ ಬಾರದ ಅಳು ಈಗ ಒತ್ತರಿಸಿ ಬಂತು.

"ಕಣ್ಣೀರು ಲೆನ್ಸ್ ಮ್ಯಾಲ ಬೀಳ್ತಾವ್ರಿ," ಎಂದ ಹಿಂದೆಯೇ ಬಂದಿದ್ದ ಅಂಬಾದಾಸ ಮೆಲ್ಲಗೆ.

"ನನಗ್ಯಾಕ ಹೇಳಲಿಲ್ಲ?"

"ದುಃಖದಾಗಿದ್ರಿ. ಉಪಕಾರದ ನೆವ ಮಾಡಿ ಹತ್ರ ಬಂದ ಅಂದ್ಕೋತೀರಂತ ಅಂಜಿದೆ."

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ಹತ್ರ ಬರೂದಿತ್ತೇನು?"

ಅಂಬಾದಾಸನ ಕಿವಿ ಕೆಂಪಾದವು. ನೋಟ ಮಾತ್ರ ತಗ್ಗಲಿಲ್ಲ. "ಇತ್ರಿ. ಭಾಳ ದಿನದಿಂದ."

ಹೊರಗೆ ಕಾರ್ಖಾನೆಯ ಸೈರನ್ ಕೂಗಿತು. ಅದು ನಿಲ್ಲುತ್ತಲೇ ಅವಳು ಟ್ಯೂಬಿನ ಬಾಯಿ ಮುಚ್ಚಿ ಜೋಪಾನವಾಗಿಟ್ಟಳು.

"ಐತ್ವಾರ ಮನಿಗೆ ಬರ್ರಿ," ಎಂದಳು ಸುಭದ್ರಾ. "ಅವ್ವಗ ನಿಮ್ಮ ವಿಷಯ ನಾನ ಹೇಳ್ತೀನಿ."

ಉತ್ತರಕ್ಕೆ ಕಾಯದೆ ಅವನ ಕೈ ಹಿಡಿದಳು.