ಕಾಡಪ್ಪ ಮಾಸ್ತರರ ಕೊನೆಯ ಚೀಟಿ

ಪುಣೆಯ ಬಿಬವೇವಾಡಿಯ ಒಂದು ಕಟ್ಟಡದ ತಾರಸಿಯಿಂದ ಕಾಡಪ್ಪ ಮಾಸ್ತರು ಬಿದ್ದು ಸತ್ತ ಮರುದಿನ, ಅವರ ಹೆಂಡತಿ ಪಾರವ್ವ ಕೆಳಗಿನ ಮನೆಯ ಕಾಮಾಕ್ಷಮ್ಮನವರ ಬಳಿ ಬಂದಳು. ಕಾಮಾಕ್ಷಮ್ಮ ನಿವೃತ್ತ ಪೊಲೀಸ್ ಅಧಿಕಾರಿ. ಅವರ ಪತ್ತೆ ಕೆಲಸಗಳಲ್ಲೆಲ್ಲ ಜೊತೆಗಿರುತ್ತಿದ್ದ ರೇಣು ಬಾಗಿಲು ತೆಗೆದಳು.

"ಪೊಲೀಸರು ಆತ್ಮಹತ್ಯೆ ಅಂತಾರ್ರಿ. ನಂಗ ನಂಬಿಕಿ ಇಲ್ಲ," ಎಂದು ಪಾರವ್ವ ಮನೆಯಲ್ಲಿ ಸಿಕ್ಕ ಚೀಟಿಯ ನಕಲು ಚಾಚಿದಳು.

'ನಾನು ಹೊಗುತ್ತೆನೆ. ನನ್ನ ಸಾವಿಗೆ ಯಾರೂ ಕಾರಣರಲ್ಲ.'

"ಕೈ ನಡುಗಿರಬೇಕು," ಎಂದಳು ರೇಣು. ಕಾಮಾಕ್ಷಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದರು.

ಜಮಖಂಡಿಯಿಂದ ಬಂದ ಮಾಸ್ತರು ಮೂವತ್ತೈದು ವರ್ಷ ಪುಣೆಯಲ್ಲಿ ಕನ್ನಡ ಕಲಿಸಿದ್ದರು. ಈ ಊರಿಗೆ ಕೂಲಿಗೆ ಬಂದ ಕನ್ನಡಿಗರ ಚರಿತ್ರೆಯನ್ನು ಆರುನೂರು ಪುಟ ಬರೆದಿಟ್ಟಿದ್ದರು. ಆ ಹಸ್ತಪ್ರತಿ ಈಗ ಕಾಣೆಯಾಗಿತ್ತು. ಮಾಸ್ತರು ಬಿದ್ದ ಸಂಜೆ ಕಟ್ಟಡದಲ್ಲಿ ಅವರ ಮನೆಗೆ ಹೋಗಬಲ್ಲವರು ಮೂವರೇ: ಪಾರವ್ವ, ಮನೆಪಾಠದ ಗದ್ದಲಕ್ಕೆ ಅವರೊಡನೆ ಜಗಳವಾಡಿದ್ದ ಪಕ್ಕದ ಮನೆಯ, ಬೆಂಗಳೂರಿನ ಶಮಂತ್, ಮತ್ತು ಮಾಸ್ತರರ ಮೆಚ್ಚಿನ ಮರಾಠಿ ಶಿಷ್ಯ ಸ್ವಪ್ನಿಲ್. ಸ್ವಪ್ನಿಲ್ ತನ್ನ ಅಜ್ಜನ ಹೆಸರು ಹೇಳಿಕೊಂಡು ನಗರಸೇವಕನ, ಅಂದರೆ ಪಾಲಿಕೆ ಸದಸ್ಯನ, ಚುನಾವಣೆಗೆ ನಿಂತಿದ್ದ.

ಪಾರವ್ವ ಬಂದ ದಿನವೇ ಸಂಜೆ ಕಾಮಾಕ್ಷಮ್ಮ ಮೂವರನ್ನೂ ಕರೆಸಿದರು. ಇನ್‌ಸ್ಪೆಕ್ಟರ್ ಬಾಗಿಲ ಬಳಿ ಕುಳಿತಿದ್ದರು.

"ಬರೆಯಿರಿ: ಮಾಸ್ತರು ಮೇಲೆ ಹೋಗಿ ಬೇಗ ಬಂದರು."

"ಆಂಟಿ, ಇದೇನು ಡಿಕ್ಟೇಶನ್ನಾ?" ಎನ್ನುತ್ತಲೇ ಶಮಂತ್ ತಪ್ಪಿಲ್ಲದೆ ಬರೆದ. ಅಕ್ಷರ ಬಾರದ ಪಾರವ್ವ ಸುಮ್ಮನೆ ಕುಳಿತಳು. ಸ್ವಪ್ನಿಲ್ ಬರೆದದ್ದನ್ನು ಕಾಮಾಕ್ಷಮ್ಮ ಎತ್ತಿ ತೋರಿಸಿದರು: 'ಮಾಸ್ತರು ಮೆಲೆ ಹೊಗಿ ಬೆಗ ಬಂದರು.'

"ಮರಾಠಿಯಲ್ಲಿ ಎ, ಏ ಬೇರೆಬೇರೆ ಅಲ್ಲ, ಒ, ಓ ಕೂಡ ಅಷ್ಟೆ. ಚೀಟಿಯಲ್ಲಿ 'ಯಾರೂ', 'ಕಾರಣ' ಸರಿಯಾಗಿದ್ದವು. ಈ ಎರಡು ದೀರ್ಘಗಳು ಮಾತ್ರ ತಪ್ಪಿದ್ದವು. ನಡುಗುವ ಕೈ ಹೀಗೆ ಆರಿಸಿ ತಪ್ಪು ಮಾಡುವುದಿಲ್ಲ. ಹಸ್ತಪ್ರತಿ ಯಾರಿಗೆ ಬೇಕಿತ್ತು, ಸ್ವಪ್ನಿಲ್?"

ಅವನು ಪೆನ್ನು ಕೆಳಗಿಟ್ಟು ಬಾಯಿಬಿಟ್ಟ. "ನಮ್ಮಜ್ಜ ಕೂಲಿಯವರ ಗುಡಿಸಲಿಗೆ ಬೆಂಕಿ ಹಚ್ಚಿಸಿದ್ದು ಬರದೀನಿ ಅಂತ ಹೋದ ತಿಂಗಳ ಸರೇ ಹೇಳಿದ್ರು. ಹನ್ನೊಂದು ಮಂದಿ ಸತ್ತಿದ್ರಂತ. ತಾರಸಿ ಮ್ಯಾಲೆ ಕರಕೊಂಡು ಹೋಗಿ ಕೈ ಮುಗದು ಕೇಳಿದೆ. ಖರೇ ಇದ್ದದ್ದು ಬರೀಬೇಕಾಗತದ ಅಂದ್ರು. ಮುಂದ ಏನಂತಾರ ಕೇಳಲಿಲ್ಲ, ನೂಕಿದೆ. ಮನಿಗೆ ಇಳದು ಸರ್ ಅಕ್ಷರದಂಗ ಚೀಟಿ ಬರದಿಟ್ಟು, ಹಸ್ತಪ್ರತಿ ಗಂಟು ಒಯ್ದು ಸುಟ್ಟೆ."

ಪಾರವ್ವ ಅವನನ್ನೇ ನೋಡಿದಳು.

"ಬೆಂಕಿ ಸುದ್ದಿ ಬರದಿದ್ರು, ಖರೇ. ಆದ್ರ ನಿಮ್ಮಜ್ಜನ ಹೆಸರು ಹೋದ ವಾರನ ಹೊಡದು ಹಾಕಿದ್ರಪಾ. ಹುಡುಗನ ಮಾರಿ ನೋಡಿ ಬರಿಯಾಕ ಆಗವಲ್ದು ಅಂದ್ರು. ಓದಿದ್ದಿಲ್ಲೇನು?"

ಸ್ವಪ್ನಿಲ್ ಓದಿರಲಿಲ್ಲ. ಗಂಟು ಬಿಚ್ಚದೆಯೇ ಸುಟ್ಟಿದ್ದ.