ಗಡಿ ದಾಟಿದ ಕೆಂಡ

ಬಹಳ ಹಿಂದಿನ ಮಾತು. ಸಿರಿಯೂರು ಎಂಬ ರಾಜ್ಯದಲ್ಲಿ ಕಣಜಗಳು ತುಂಬಿ ತುಳುಕುತ್ತಿದ್ದವು. ಹೊಳೆಯಾಚೆಗೆ ಇಬ್ಬನಿನಾಡು; ಮಡಕೆ ಮಾಡುವವರ, ಕಂಬಳಿ ನೇಯುವವರ ಸೀಮೆ. ಆ ನಾಡಿನ ಮೇಲೆ ಬೂದಿಸಿದ್ಧನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನ ಮಾಯದ ಹದ್ದು ಮನೆಮನೆಗೆ ನುಗ್ಗಿ ಒಲೆಯ ಬೆಂಕಿಯನ್ನೆಲ್ಲ ನುಂಗಿತು. ಮತ್ತೆ ಹೊತ್ತಿಸಿದರೆ ಆ ಕಿಡಿಯನ್ನೂ ಬಿಡಲಿಲ್ಲ. "ನನ್ನ ಆಳಾದವರಿಗೆ ಮಾತ್ರ ಬೆಂಕಿ" ಎಂದ ಮಾಂತ್ರಿಕ.

ಇಬ್ಬನಿನಾಡಿನ ಸಾತವ್ವ ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಸಿರಿಯೂರಿನ ಆಸ್ಥಾನಕ್ಕೆ ಬಂದಳು.

"ಬುದ್ಧೀ, ಕೂಸುಗಳು ಹಸಿ ರಾಗಿ ನುಂಗಲಾರದೆ ಸಾಯ್ತಾವೆ. ನಿಮ್ಮ ಒಲೆಯಿಂದ ಕೆಂಡ ಕೊಡಿ. ನೆರೆಯವರು ಕೈಯಾರೆ ಕೊಟ್ಟ ಕೆಂಡ ಆ ಹದ್ದಿನ ಗಂಟಲಲ್ಲಿ ಇಳಿಯಾಕಿಲ್ಲ."

ಮನೆಯ ಬೆಂಕಿ ಹೊರಗೆ ಕೊಟ್ಟರೆ ಅದರ ಹಿಂದೆಯೇ ಲಕ್ಷ್ಮಿ ಹೊರಡುತ್ತಾಳೆಂಬುದು ಸಿರಿಯೂರಿನವರ ನಂಬಿಕೆ.

"ಪರರಾಜ್ಯದ ಒಲೆ ಆರಿದರೆ ನಮಗೇನು?" ಎಂದ ರಾಜ ಬಲ್ಲರಸ.

ರಾಜಕುಮಾರಿ ಕೇತಲದೇವಿ ಕೂಸಿನ ಒಣಗಿದ ತುಟಿ ನೋಡಿದಳು. ಅಪ್ಪನ ಮುಂದೆ ಕಣ್ಣೀರು ನಡೆಯದೆಂದು ಅವಳಿಗೆ ಗೊತ್ತು.

"ಅಪ್ಪಾಜಿ, ಅವರೇ ಇಲ್ಲವಾದರೆ ನಮ್ಮ ಅಕ್ಕಿ ಕೊಳ್ಳುವವರು ಯಾರು? ಅಂಗಡಿಗೆ ನೊಣಗಳೇ ಗಿರಾಕಿ."

ಮಾತು ನಾಟಿತು. ಆದರೆ ರಾಜ ಕೆಂಡದ ಬದಲು ಗಾಡಿಗಟ್ಟಲೆ ಅಕ್ಕಿ ಕಳಿಸಿದ. ಕೇತಲದೇವಿಯೂ ಜೊತೆಗೆ ಹೋದಳು.

"ಕೊಟ್ಟ ಕೈ ದೊಡ್ಡದು ತಾಯಿ. ಬೇಯಿಸೋದೆಲ್ಲಿ?" ಎಂದಳು ಸಾತವ್ವ.

ಎರಡನೆಯ ಸಲ ರಾಜ ಪಂಜು ಹಿಡಿದ ಸೈನ್ಯ ಕಳಿಸಿದ. ಪಂಜಿನದು ಯುದ್ಧಕ್ಕೆ ತಂದ ಬೆಂಕಿ, ಯಾರಿಗೂ ಕೊಟ್ಟದ್ದಲ್ಲ. ಹದ್ದು ಪಂಜುಗಳನ್ನು ಹುರಿಗಡಲೆಯಂತೆ ಮುಕ್ಕಿತು. ಸೈನಿಕರು ಚಳಿಗೆ ನಡುಗುತ್ತ ಊರವರ ಕಂಬಳಿಯೊಳಗೆ ನುಸುಳಿದರು.

"ಚೆಂದಾಯ್ತು! ನಮ್ಮನ್ನ ಕಾಯೋಕೆ ಬಂದೋರಿಗೆ ನಾವೇ ಹೊದಿಸಬೇಕು" ಎಂದು ಸಾತವ್ವ ನಕ್ಕಳು. ಕಂಕುಳ ಕೂಸು ಮಾತ್ರ ಅಳುವುದನ್ನೂ ಬಿಟ್ಟಿತ್ತು.

ಇದನ್ನು ಕಣ್ಣಾರೆ ಕಂಡ ಕೇತಲದೇವಿ ಮತ್ತೆ ಮಾತಿಗೆ ನಿಲ್ಲಲಿಲ್ಲ. ಅರಮನೆಗೆ ಓಡಿಬಂದು, ಅಡುಗೆಮನೆಗೆ ನುಗ್ಗಿ, ಮಡಕೆಚೂರಿನಲ್ಲಿ ಕೆಂಡ ತುಂಬಿದಳು.

"ಮಗಳೇ, ಲಕ್ಷ್ಮಿ ಹೊರಟುಹೋಗ್ತಾಳೆ!"

"ಹೊರಡಲಿ ಅಪ್ಪಾಜಿ, ನನಗೂ ದಾರಿಗೆ ಜೊತೆಯಾಯಿತು."

ರಾಜ ತಾನೇ ಬಾಗಿ, ದಾರಿಯಲ್ಲಿ ಆರದಿರಲೆಂದು ಕೆಂಡದ ಮೇಲೆ ಬೂದಿ ಮುಚ್ಚಿದ.

ಹೊಳೆಯ ಆಚೆ ದಡದಲ್ಲಿ ಸಾತವ್ವ ಕಾದಿದ್ದಳು. "ತಗೋ ಅಜ್ಜಿ, ನಮ್ಮನೆ ಬೆಂಕಿ ಇನ್ನು ನಿಮ್ಮದು" ಎಂದು ಕೇತಲದೇವಿ ಕೆಂಡ ಕೊಟ್ಟಳು. ಹದ್ದು ಎರಗಿ ಗಬಕ್ಕನೆ ನುಂಗಿತು. ಕೆಂಡ ಗಂಟಲಲ್ಲೇ ಸಿಕ್ಕಿ ಸುಟ್ಟಿತು. ನುಂಗಿದ್ದ ಬೆಂಕಿಯನ್ನೆಲ್ಲ ಕಾರಿಕೊಂಡು ಹದ್ದು ಸತ್ತುಬಿತ್ತು. ಒಂದೊಂದು ಉರಿಯೂ ಹಾರಿಹೋಗಿ ತನ್ನ ತನ್ನ ಒಲೆ ಸೇರಿತು. ಹದ್ದಿನಲ್ಲೇ ಜೀವವಿಟ್ಟಿದ್ದ ಮಾಂತ್ರಿಕ ನಿಂತಲ್ಲೇ ಬೂದಿಯಾದ. ಆ ಬೂದಿಯಲ್ಲಿ ಹೆಂಗಸರು ಪಾತ್ರೆ ಬೆಳಗಿದರು.

ಬಿಸಿ ಗಂಜಿ ಬಾಯಿಗೆ ಬಿದ್ದಕೂಡಲೇ ಕೂಸು ಚಪ್ಪರಿಸಿತು. ಸಾತವ್ವ ಸೆರಗಿನಿಂದ ಕಣ್ಣೊರೆಸಿ, ಇನ್ನೊಂದು ಬಟ್ಟಲನ್ನು ಕೇತಲದೇವಿಯ ಮುಂದಿಟ್ಟಳು.

"ಈ ಉಪಕಾರ ಏಳು ಜನ್ಮಕ್ಕೂ ಮರೆಯಾಕಿಲ್ಲ ತಾಯಿ. ಉಣ್ಣು. ಉಂಡು ನಿನ್ನ ಸೈನಿಕರನ್ನ ಕರಕೊಂಡು ಹೋಗು. ನೀನು ಮಾತ್ರ ಹಬ್ಬಹಬ್ಬಕ್ಕೂ ಬಾ."

ಕೇತಲದೇವಿ ನಗುತ್ತ ಉಂಡಳು, ಸೈನ್ಯ ಕಟ್ಟಿಕೊಂಡು ಹೊರಟಳು, ಹಬ್ಬಕ್ಕೆ ಮಾತ್ರ ಬಂದಳು. ಎರಡು ದಡದವರೂ ಬಿಸಿಯಾಗಿ ಉಂಡು, ಬೆಚ್ಚಗೆ ಹೊದ್ದು, ನೂರ್ಕಾಲ ಬಾಳಿದರು.