ಸ್ಪೀಕರ್ ಇಲ್ಲದ ಪೆಟ್ಟಿಗೆ

ಟಪ್!

ಪೆಟ್ಟಿಗೆಯೊಳಗೆ ನೇರಳೆ ಬಣ್ಣದ ಬೆಳಕೊಂದು ಛಕ್ಕನೆ ಮಿಂಚಿ ಆರಿತು. ಹಿಂದೆಯೇ ಸುಟ್ಟ ವಾಸನೆ. ಇರುವೆಯ ಬೆರಳು ಇನ್ನೂ ವಾಲ್ಯೂಮ್ ಗುಂಡಿಯ ಮೇಲೆಯೇ ಇತ್ತು.

ಇರುವೆ ಐದನೇ ಕ್ಲಾಸಿನ ಹುಡುಗಿ. ಸಂದಿಗೊಂದಿಗಳಲ್ಲೆಲ್ಲ ತೂರುತ್ತಾಳೆ, ಯಾವ ಡಬ್ಬಿಯನ್ನೂ ಮುಟ್ಟದೆ ಬಿಡುವುದಿಲ್ಲ. ಅದಕ್ಕೇ ಅತ್ತೆ ಇಟ್ಟ ಹೆಸರು ಅದು.

ಅತ್ತೆ ಅಂದರೆ ಅಪ್ಪನ ತಂಗಿ. ಮನೆಯ ಮುಂದಿನ ಕೋಣೆಯೇ ಅವಳ ವರ್ಕ್‌ಶಾಪ್. ಹಳೇ ಕಾಲದ ಟ್ಯೂಬ್ ಆಂಪ್ಲಿಫೈಯರ್‌ಗಳನ್ನು ಅವಳು ರಿಪೇರಿ ಮಾಡುತ್ತಾಳೆ. ಹಾಡಿನ ದನಿಯನ್ನು ದೊಡ್ಡದು ಮಾಡುವ ಕಬ್ಬಿಣದ ಪೆಟ್ಟಿಗೆ ಅದು. ಮೇಲೆ ಸಾಲಾಗಿ ಗಾಜಿನ ಟ್ಯೂಬ್‌ಗಳು. ಸ್ವಿಚ್ ಹಾಕಿದರೆ ಅವು ಮೆಲ್ಲಗೆ ಕೆಂಡದ ಹಾಗೆ ಕೆಂಪಾಗುತ್ತವೆ. ಅದನ್ನು ನೋಡುತ್ತಾ ಕೂತರೆ ಇರುವೆಗೆ ಊಟ ತಿಂಡಿ ಏನೂ ಬೇಡ.

ಇವತ್ತು ಕನ್ನಡಕದ ಅಂಗಡಿಯವರು ತಾವು ರಿಪೇರಿಗೆ ಕೊಟ್ಟಿದ್ದ ಈ ಪೆಟ್ಟಿಗೆಗೆ ಜೋಡಿಸಲು ತಮ್ಮ ದೊಡ್ಡ ಸ್ಪೀಕರ್‌ಗಳನ್ನು ತರುವವರಿದ್ದರು.

"ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನ ಕಟ್ಟೋಕಾಗಲ್ಲ ಕಣೇ," ಎಂದು ಅತ್ತೆ ಬೆಳಿಗ್ಗೆಯೇ ಶುರು ಮಾಡಿದ್ದಳು. "ಹಿಂದ್ಗಡೆ ನಾಲ್ಕು, ಎಂಟು, ಹದಿನಾರು ಅಂತ ಬರ್ದಿದೆ ನೋಡು. ಸ್ಪೀಕರ್ ಯಾವ ನಂಬರಿಂದೋ ಅಲ್ಲಿಗೇ ವೈರ್ ಹಾಕ್ಬೇಕು. ಸ್ಪೀಕರ್ ಇಲ್ದೆ ಅಂತೂ ಆನ್ ಮಾಡೋ ಹಾಗೇ ಇಲ್ಲ..."

ಅತ್ತೆಯ ಬಾಯಿಗೆ ಬೀಗವಿಲ್ಲ. ಅವಳು ಹೇಳಿದ್ದರಲ್ಲಿ ಅರ್ಧ ಇರುವೆಯ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬರುತ್ತಿತ್ತು.

ಆಮೇಲೆ ಪರೀಕ್ಷೆಗೆಂದು ಹಾಕಿದ್ದ ತನ್ನ ಸ್ಪೀಕರ್‌ಗಳ ವೈರ್ ಬಿಚ್ಚಿಟ್ಟು ಅತ್ತೆ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಇರುವೆ ಸುಮ್ಮನಿರುತ್ತಾಳೆಯೇ? ಸ್ವಿಚ್ ಹಾಕಿದಳು. ಟ್ಯೂಬ್‌ಗಳು ಕೆಂಪಾದವು. ಹಾಡೂ ಹಾಕಿದಳು. ಸದ್ದಿಲ್ಲ. ವಾಲ್ಯೂಮ್ ತಿರುಗಿಸಿದಳು. ಅರೆ! ಪೆಟ್ಟಿಗೆಯ ಹೊಟ್ಟೆಯೊಳಗಿಂದಲೇ ಸೊಳ್ಳೆ ಹಾಡಿದ ಹಾಗೆ ಸಣ್ಣಗೆ ಹಾಡು ಕೇಳಿಸುತ್ತಿದೆ! ಪೂರ್ತಿ ತಿರುಗಿಸಿದಳು.

ಟಪ್ ಅಂದದ್ದು ಆಗಲೇ.

ಅತ್ತೆ ಒದ್ದೆ ತಲೆಯಲ್ಲೇ ಓಡಿಬಂದಳು. ಗೋಡೆಯಿಂದ ಪ್ಲಗ್ ಕಿತ್ತಳು. ಇರುವೆಯ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದಳು. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವಾಗಲೂ ಅಲುಗದ ಕೈ ಈಗ ಗಡಗಡ ನಡುಗುತ್ತಿತ್ತು.

ಇರುವೆ ಬೈಗುಳಕ್ಕೆ ಕಾದಳು. ಭುಜ ಎತ್ತಿ ಕಿವಿ ಮುಚ್ಚಿಕೊಳ್ಳಲೂ ತಯಾರಾದಳು.

ಅತ್ತೆ ಒಂದು ಮಾತೂ ಆಡಲಿಲ್ಲ.

ಇರುವೆಗೆ ಆ ಟಪ್‌ಗಿಂತ ದೊಡ್ಡ ಆಘಾತ ಇದು. ಲೋಟ ಬಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುವ ಅತ್ತೆ! ಫೋನ್ ತೆಗೆದು, "ಇವತ್ತು ಬರ್ಬೇಡಿ ಸರ್," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸಂಜೆಯಾದರೂ ಮನೆ ಬಿಕೋ ಎನ್ನುತ್ತಿತ್ತು. ಇರುವೆ ಅಜ್ಜನ ಹತ್ತಿರ ಹೋಗಿ ಎಲ್ಲ ಹೇಳಿ ಅತ್ತುಬಿಟ್ಟಳು.

"ಸದ್ದು ಬರಲ್ಲ ಅಷ್ಟೇ ಅಂದ್ಕೊಂಡೆ ಅಜ್ಜ."

ಅಜ್ಜ ಪೇಪರ್ ಕೆಳಗಿಟ್ಟರು. "ಒಳಗೆ ಹುಟ್ಟಿದ ಶಕ್ತಿ ಎಲ್ಲಿಗಾದ್ರೂ ಹೋಗ್ಬೇಕಲ್ಲ ಪುಟ್ಟಾ? ಸ್ಪೀಕರ್ ಇದ್ರೆ ಅದು ತಗೊಳ್ಳುತ್ತೆ. ತಗೊಳ್ಳೋರೇ ಇಲ್ಲ ಅಂದ್ರೆ ಒಳಗೊಳಗೇ ಸುಟ್ಟುಹೋಗುತ್ತೆ. ಅದರ ಟ್ರಾನ್ಸ್‌ಫಾರ್ಮರ್, ಅಂದ್ರೆ ಸ್ಪೀಕರ್‌ಗೆ ಶಕ್ತಿ ದಾಟಿಸೋ ತಂತಿ ಸುರುಳಿ, ಹೋಗಿದೆ."

"ಅಂಗಡೀಲಿ ಸಿಗಲ್ವಾ?"

"ಸಿಗಲ್ಲ. ಅದನ್ನ ನಿಮ್ಮತ್ತೆ ತಾನೇ ಕೂತು ತಂತಿ ಸುತ್ತಿ ಮಾಡಿದ್ದು."

ಇರುವೆ ವರ್ಕ್‌ಶಾಪಿನ ಕಡೆ ನೋಡಿದಳು. ಅತ್ತೆ ಇನ್ನು ತನ್ನ ಹತ್ತಿರ ಯಾವತ್ತೂ ಮಾತಾಡದೇ ಹೋದರೆ?

ಮೆಲ್ಲಗೆ ಹೋಗಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಳು. ಅತ್ತೆ ಪೆಟ್ಟಿಗೆ ಬಿಚ್ಚಿ, ಕಪ್ಪಾದ ಸುರುಳಿಯನ್ನು ನೋಡುತ್ತಾ ಕೂತಿದ್ದಳು. ತುಟಿ ಬಿಗಿದಿತ್ತು. ಮುಖ ಕೆಂಪಾಗಿತ್ತು.

ಇರುವೆ ಆ ಮುಖವನ್ನು ನೋಡಿದಳು. ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದಳು. ಅಜ್ಜ ಹೇಳಿದ್ದು ನೆನಪಾಯಿತು. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಅತ್ತೆಯ ಎದುರಿಗೇ ಕೂತಳು.

"ಅತ್ತೆ, ನನ್ನ ಬೈಯಿ."

"ಹೋಗು."

"ಹೋಗಲ್ಲ. ನೀನು ಬೈಯೋವರೆಗೂ ಇಲ್ಲೇ ಇರ್ತೀನಿ. ಪೂರ್ತಿ ಕೇಳಿಸ್ಕೋತೀನಿ."

ಅತ್ತೆ ತಲೆಯೆತ್ತಿದಳು. ಆಮೇಲೆ ಶುರುವಾಯಿತು ನೋಡಿ!

"ಅದರೊಳಗೆ ಎಷ್ಟು ಕರೆಂಟ್ ಇರುತ್ತೆ ಗೊತ್ತೇನೇ ನಿಂಗೆ? ಬೆರಳು ಒಳಗೆ ಹೋಗಿದ್ರೆ ಏನೇ ಗತಿ? ಟ್ರಾನ್ಸ್‌ಫಾರ್ಮರ್ ಹಾಳಾಗ್ ಹೋಗ್ಲಿ, ಇನ್ನೊಂದು ಸುತ್ತುತೀನಿ. ನಿನ್ನನ್ನ ಯಾವ ತಂತೀಲಿ ಸುತ್ತಿ ತರ್ಲೇ ನಾನು?"

ಇರುವೆ ದಂಗಾದಳು. ಇಡೀ ದಿನ ಅತ್ತೆಯೊಳಗೆ ಇದ್ದದ್ದು ಇದಾ?

ಅತ್ತೆಯ ದನಿ ಏರಿತು, ಕಣ್ಣಲ್ಲಿ ನೀರೂ ಬಂತು. ಹೋದ ವಾರದ ಬಿಸಿ ಇಸ್ತ್ರಿಪೆಟ್ಟಿಗೆಯ ಕತೆ ಬಂತು. ಕುಡಿಯದೆ ಬಿಟ್ಟ ಹಾಲು ಬಂತು. ಬಾಗಿಲಲ್ಲಿ ಎಸೆದ ಶೂಗಳೂ ಬಂದವು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಇರುವೆ ಕಿವಿ ಮುಚ್ಚಿಕೊಳ್ಳಲಿಲ್ಲ. ಒಂದು ಮಾತನ್ನೂ ಆ ಕಿವಿಯಿಂದ ಹೊರಗೆ ಬಿಡಲಿಲ್ಲ.

ಉಸಿರು ತೆಗೆದುಕೊಳ್ಳಲು ಅತ್ತೆ ಒಮ್ಮೆ ನಿಂತಳು. ಅವಳ ಕೈ ಈಗ ನಡುಗುತ್ತಿರಲಿಲ್ಲ.

"ಆಮೇಲೆ?" ಎಂದಳು ಇರುವೆ, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು.